ಚಿತ್ರ ಬರೆಯಲು ಬಾರದ ಟಾಲ್ಬಟ್

ಕಳೆದ ರಜೆಯಲ್ಲಿ ನಮ್ಮ ಅಡುಗೆಮನೆಯಲ್ಲಿ ಒಂದು ಪ್ರಯೋಗ ನಡೆಯಿತು. ಗಾಜಿನ ಲೋಟಕ್ಕೆ ಸೋಡಾ ಸುರಿದು, ನಿಂಬೆ ಹೋಳು ಮತ್ತು ಎರಡು ದ್ರಾಕ್ಷಿ ಹಾಕಿ ಮೊಬೈಲಿನಲ್ಲಿ ಫೋಟೋ ತೆಗೆದೆ. ಮುಂದಿನಿಂದ ಬೆಳಕು ಬಿಟ್ಟರೆ ಲೋಟ ಮಾತ್ರ ಹೊಳೆಯುತ್ತಿತ್ತು. ಟಾರ್ಚನ್ನು ಲೋಟದ ಹಿಂದೆ ಇಟ್ಟಾಗ ಹಣ್ಣು ಚೆನ್ನಾಗಿ ಕಂಡಿತು, ಆದರೆ ಮೇಲೇರುವ ಗುಳ್ಳೆಗಳು ಗೆರೆಗಳಂತೆ ಮಸುಕಾದವು. ಮದುವೆ ಫೋಟೋ ತೆಗೆಯುವ ನಮ್ಮ ಮಾಮು ಲೋಟದ ಹಿಂದೆ ಬಟರ್ ಪೇಪರ್ ಹಿಡಿಸಿ, ಅದರ ಹಿಂದೆ ತಮ್ಮ ಫ್ಲ್ಯಾಷ್ ಇಟ್ಟು ಕ್ಲಿಕ್ ಮಾಡಿದರು. ಒಂದೊಂದು ಗುಳ್ಳೆಯೂ ಮುತ್ತಿನಂತೆ ನಿಂತಿತ್ತು! ಫ್ಲ್ಯಾಷ್ ಬಹಳ ಕಡಿಮೆ ಹೊತ್ತು ಹೊಳೆಯುವುದರಿಂದ ಗುಳ್ಳೆಗೆ ಸರಿದಾಡಲು ಸಮಯವೇ ಸಿಗುವುದಿಲ್ಲವಂತೆ. ಇದನ್ನು ಮೊದಲು ಮಾಡಿ ತೋರಿಸಿದವರು ಯಾರೆಂದು ಹುಡುಕಿದಾಗ ಸಿಕ್ಕ ಹೆಸರು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್.

ಟಾಲ್ಬಟ್ ಅವರು 1800ರ ಫೆಬ್ರವರಿ 11ರಂದು ಇಂಗ್ಲೆಂಡಿನಲ್ಲಿ ಜನಿಸಿದರು. ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು. ಲೇಕಾಕ್ ಅಬ್ಬಿ ಎಂಬ ದೊಡ್ಡ ಮನೆಯ ಜೊತೆಗೆ ಸಾಲವೂ ಉಳಿದಿತ್ತು. ತಾಯಿ ಎಲಿಜಬೆತ್ ಬಹಳ ಗಟ್ಟಿ ಹೆಂಗಸು. ಮಗ ಕೇಂಬ್ರಿಡ್ಜಿನಲ್ಲಿ ಓದಿ ಗಣಿತದಲ್ಲಿ ಹೆಸರು ಮಾಡಿದರು, ಸ್ವಲ್ಪ ಕಾಲ ಪಾರ್ಲಿಮೆಂಟ್ ಸದಸ್ಯರೂ ಆಗಿದ್ದರು.

ಎಲ್ಲ ಬಂದರೂ ಅವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. 1833ರಲ್ಲಿ ಪತ್ನಿ ಕಾನ್‌ಸ್ಟೆನ್ಸ್ ಜೊತೆ ಇಟಲಿಯ ಕೋಮೊ ಸರೋವರಕ್ಕೆ ಹೋಗಿದ್ದಾಗ, ಚಿತ್ರ ಬರೆಯಲು ನೆರವಾಗುವ ಗಾಜಿನ ಪಟ್ಟಕದ ಉಪಕರಣವಿದ್ದರೂ ಕಾಗದದ ಮೇಲೆ ಬರೀ ವಕ್ರ ಗೆರೆಗಳೇ ಮೂಡಿದವು. (ನನ್ನ ಜೀವಶಾಸ್ತ್ರದ ಹಳೆಯ ರೆಕಾರ್ಡ್ ಪುಸ್ತಕ ನೆನಪಾಯಿತು.) ಬೆಳಕೇ ತನ್ನ ಚಿತ್ರವನ್ನು ತಾನು ಬರೆದುಕೊಂಡರೆ ಹೇಗೆ ಎಂಬ ಯೋಚನೆ ಅಲ್ಲಿ ಹುಟ್ಟಿತು.

ಮನೆಗೆ ಬಂದು ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ, ಅದಕ್ಕೆ ಸಿಲ್ವರ್ ನೈಟ್ರೇಟ್ ಬಳಿದರು. ಬೆಳಕು ಬಿದ್ದ ಕಡೆ ಕಾಗದ ಕಪ್ಪಾಯಿತು. ಪುಟ್ಟ ಮರದ ಕ್ಯಾಮೆರಾಗಳನ್ನು ಮನೆಯ ಸುತ್ತಮುತ್ತ ಇಡುತ್ತಿದ್ದರು. ಪತ್ನಿ ಅವಕ್ಕೆ ಇಲಿಬೋನು ಎಂದು ಹೆಸರಿಟ್ಟಿದ್ದರು. 1835ರ ಆಗಸ್ಟ್‌ನಲ್ಲಿ ಮನೆಯೊಳಗಿನಿಂದ ಕಿಟಕಿಯೊಂದರ ಚಿತ್ರ ಸಿಕ್ಕಿತು. ಅದೂ ಹಿಂದಿನಿಂದ ಬೆಳಕು ಬೀಳುವ ಚಿತ್ರವೇ! ಅಂಚೆಚೀಟಿಯಷ್ಟೇ ದೊಡ್ಡದು. ಉಳಿದುಬಂದ ಕ್ಯಾಮೆರಾ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು.

ಆಮೇಲೆ ಅವರು ಒಂದು ತಪ್ಪು ಮಾಡಿದರು. ಅದನ್ನು ಪ್ರಕಟಿಸದೆ ಬದಿಗಿಟ್ಟು ಬೇರೆ ವಿಷಯಗಳಲ್ಲಿ ಮುಳುಗಿದರು. 1839ರ ಜನವರಿಯಲ್ಲಿ ಪ್ಯಾರಿಸ್ಸಿನಿಂದ ಡಗೇರ್ ಅವರ ಫೋಟೋ ಪದ್ಧತಿಯ ಸುದ್ದಿ ಬಂತು. ಟಾಲ್ಬಟ್ ಅವರು ಆತುರಾತುರವಾಗಿ ತಮ್ಮ ಕೆಲಸವನ್ನು ಲಂಡನ್ನಿನಲ್ಲಿ ತೋರಿಸಿದರೂ ಮೊದಲಿಗರೆಂಬ ಮಾನ ಕೈತಪ್ಪಿತ್ತು. ಆದರೆ ಡಗೇರ್ ಚಿತ್ರಕ್ಕೆ ನಕಲಿಲ್ಲ, ಒಂದೇ ಪ್ರತಿ. ಟಾಲ್ಬಟ್ ಅವರ ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಿತ್ತು. 1844ರಿಂದ 1846ರವರೆಗೆ ಅವರು ಫೋಟೋಗಳನ್ನು ಅಂಟಿಸಿದ ಪುಸ್ತಕವೊಂದನ್ನು ಕಂತುಗಳಲ್ಲಿ ಹೊರತಂದರು. ಅದರ 24ನೆಯ, ಅಂದರೆ ಕೊನೆಯ ಚಿತ್ರ ಯಾವುದು ಗೊತ್ತೇ? ಬುಟ್ಟಿಗಳಲ್ಲಿ ಇಟ್ಟ ಹಣ್ಣು!

ಕಾಮರ್ಸ್ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪೇಟೆಂಟ್ ವಿಷಯ. 1841ರಲ್ಲಿ ಅವರು ತಮ್ಮ ಸುಧಾರಿತ ಪದ್ಧತಿಯಾದ ಕ್ಯಾಲೊಟೈಪ್‌ಗೆ ಪೇಟೆಂಟ್ ಪಡೆದರು. ಸ್ವಂತ ಹಣ ಖರ್ಚು ಮಾಡಿದವರು ಪ್ರತಿಫಲ ಕೇಳುವುದು ನ್ಯಾಯವೇ. ಆದರೆ ಲೈಸೆನ್ಸ್ ಪಡೆಯಬೇಕಾದ್ದರಿಂದ ಇಂಗ್ಲೆಂಡಿನ ಫೋಟೋಗ್ರಾಫರ್‌ಗಳು ಅವರ ಮೇಲೆ ಸಿಟ್ಟಾದರು. 1852ರಲ್ಲಿ ದುಡ್ಡಿಗೆ ಭಾವಚಿತ್ರ ತೆಗೆಯುವ ವ್ಯಾಪಾರವೊಂದನ್ನು ಬಿಟ್ಟು ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟರು. ಗಾಜಿನ ಮೇಲೆ ಫೋಟೋ ತೆಗೆಯುವ ಆರ್ಚರ್ ಅವರ ಹೊಸ ಪದ್ಧತಿಯೂ ತಮ್ಮ ಪೇಟೆಂಟಿಗೆ ಸೇರಿದ್ದು ಎಂದು ವಾದಿಸಿ, 1854ರಲ್ಲಿ ಲರೋಶ್ ಎಂಬ ಫೋಟೋಗ್ರಾಫರ್ ವಿರುದ್ಧ ಕೋರ್ಟಿನಲ್ಲಿ ಸೋತರು. ಆ ವಾದ ಅತಿಯಾಯಿತು ಎಂದೇ ನನಗನಿಸುತ್ತದೆ. ಆರ್ಚರ್ ತಮ್ಮ ಪದ್ಧತಿಗೆ ಪೇಟೆಂಟ್ ತೆಗೆದುಕೊಂಡಿರಲೇ ಇಲ್ಲ.

ಈ ಜಗಳಗಳ ನಡುವೆಯೇ, 1851ರ ಜೂನ್‌ನಲ್ಲಿ, ನಮ್ಮ ಸೋಡಾ ಲೋಟಕ್ಕೆ ಸಂಬಂಧಿಸಿದ ಪ್ರಯೋಗ ನಡೆಯಿತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಒಂದು ಚಕ್ರಕ್ಕೆ ಟೈಮ್ಸ್ ಪತ್ರಿಕೆಯ ತುಂಡನ್ನು ಅಂಟಿಸಿ ಜೋರಾಗಿ ತಿರುಗಿಸಿದರು. ಕತ್ತಲಲ್ಲಿ ಕ್ಯಾಮೆರಾ ತೆರೆದಿಟ್ಟು, ಲೇಡನ್ ಜಾಡಿಗಳಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ಬಿಟ್ಟರು. ಫಳ್ ಎಂದು ಒಂದು ಕಿಡಿ, ಅಷ್ಟೇ. ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗುತ್ತಿದ್ದ ಅಕ್ಷರಗಳು ಫೋಟೋದಲ್ಲಿ ಓದುವಷ್ಟು ಸ್ಪಷ್ಟವಾಗಿ ಬಂದವು.

ಮುಂದೆ ಅವರು ಫೋಟೋಗಳನ್ನು ಶಾಯಿಯಲ್ಲಿ ಮುದ್ರಿಸುವ ದಾರಿ ಹುಡುಕಿದರು, ಪ್ರಾಚೀನ ಅಸ್ಸೀರಿಯಾದ ಬರಹಗಳನ್ನೂ ಓದಿದರು. 1877ರ ಸೆಪ್ಟೆಂಬರ್ 17ರಂದು ಲೇಕಾಕ್ ಮನೆಯಲ್ಲೇ ತೀರಿಕೊಂಡರು. ಅವರು ಫೋಟೋ ತೆಗೆದ ಆ ಕಿಟಕಿ ಈಗಲೂ ಅಲ್ಲಿದೆ.