ಕಲ್ಲಿನ ಮೇಲೆ ಕನ್ನಡ ಮೂಡಿಸಿದ ಮೋಗ್ಲಿಂಗ್

ಈ ಸಂಚಿಕೆಯ ತಲೆಬರಹ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ಹಳೆಯ ಪೋಸ್ಟರುಗಳಲ್ಲಿ ಕಾಣುವಂಥ ಇಂಗ್ಲಿಷ್ ಅಕ್ಷರಗಳು ಸಿಕ್ಕವು. ದಪ್ಪಗೆ, ಅಗಲ ಕಡಿಮೆಯಾಗಿ, ತುದಿಗಳಲ್ಲಿ ಪುಟ್ಟ ಪಾದಗಳಿರುವ ಸೆರಿಫ್ ಅಕ್ಷರಗಳು. ಕನ್ನಡವನ್ನೂ ಹಾಗೆಯೇ ದಪ್ಪ ಮಾಡಿ ಒತ್ತಿ ಕೂರಿಸಿದೆ. ನಮ್ಮದು ಉರ್ದು ಮಾತಾಡುವ ಮನೆ. ಅಬ್ಬಾ ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾರೆ. ಅವರು ವಿದ್ಯಾರ್ಥಿ ಎಂಬ ಪದದ ಹತ್ತಿರ ನಿಂತುಬಿಟ್ಟರು. ಥ ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆ ಮುಚ್ಚಿಹೋಗಿ ಅದು ಧ ಆಗಿತ್ತು. ನನಗೆ ನಾಚಿಕೆಯಾಯಿತು. ಕನ್ನಡ ಉಪನ್ಯಾಸಕರಿಗೆ ಹೇಳಿದಾಗ ಅವರು ಹರ್ಮನ್ ಮೋಗ್ಲಿಂಗ್ ಬಗ್ಗೆ ಓದಲು ತಿಳಿಸಿದರು.

ಮೋಗ್ಲಿಂಗ್ 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. 1836ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಅವರ ಮನೆಮಾತು ಜರ್ಮನ್. ಆದರೂ ಕನ್ನಡ ಕಲಿತು, 1843ರ ಜುಲೈ 1ರಂದು ಮಂಗಳೂರ ಸಮಾಚಾರ ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದರು. ಅದು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಬೆಲೆ ಒಂದು ದುಡ್ಡು.

ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನೂರಾರು ಅಚ್ಚುಮೊಳೆಗಳು ಬೇಕು. ಮಂಗಳೂರಿನ ಆ ಮುದ್ರಣಾಲಯ ನಡೆಯುತ್ತಿದ್ದದ್ದು ಕಲ್ಲಚ್ಚಿನ ಮೇಲೆ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯ ಬರಹ ಇಳಿಸುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಹಚ್ಚಿದರೆ ಅದು ಬರಹಕ್ಕೆ ಮಾತ್ರ ಅಂಟುತ್ತದೆ. ಹೀಗಾಗಿ ಕೈಬರಹವೇ ಅಚ್ಚಿಗೆ ಹೋಗುತ್ತದೆ. ಉರ್ದು ಪುಸ್ತಕಗಳೂ ಬಹಳ ಕಾಲ ಕಾತಿಬರ ಕೈಬರಹದಿಂದ ಕಲ್ಲಚ್ಚಿನಲ್ಲೇ ಬಂದವು. ಇದನ್ನು ತಿಳಿದಾಗ ನನ್ನ ಎರಡು ಭಾಷೆಗಳೂ ಒಂದೇ ಕಲ್ಲಿನ ಮೇಲೆ ಕುಳಿತಂತೆ ಅನಿಸಿತು.

1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ, ಕನ್ನಡ ಸಮಾಚಾರ ಎಂಬ ಹೆಸರಿನಲ್ಲಿ ಅಚ್ಚುಮೊಳೆಗಳಿಂದ ಮುದ್ರಣವಾಯಿತು. ಮೋಗ್ಲಿಂಗ್ ಅಲ್ಲಿಗೇ ನಿಲ್ಲಲಿಲ್ಲ. 1848ರಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಪ್ರಕಟಿಸಿದರು. ಬೇರೆ ಧರ್ಮದವರ ಕೃತಿಗಳೆಂದು ದೂರ ಇಡಲಿಲ್ಲ. 1858ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ತಾಯ್ನಾಡಿಗೆ ಮರಳಿ, 1881ರಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿ ಜುಲೈ 1 ಇಂದಿಗೂ ಪತ್ರಿಕಾ ದಿನ.

ಮನೆಮಾತಲ್ಲದ ಭಾಷೆಯಲ್ಲೂ ಇಷ್ಟು ದುಡಿಯಬಹುದು ಎಂಬುದನ್ನು ನಾನು ಅವರಿಂದ ಕಲಿತೆ. ಮುಂಡಗೋಡದ ಪೇಟೆಯಲ್ಲಿ ಕನ್ನಡ, ಉರ್ದು, ಟಿಬೆಟನ್ ಅಕ್ಷರಗಳನ್ನು ನೋಡುತ್ತ ಬೆಳೆದವರು ನಾವು. ಒಂದು ಲಿಪಿಯ ಅಂಗಿ ಇನ್ನೊಂದಕ್ಕೆ ಹೊಂದುವುದಿಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ತಲೆಬರಹವನ್ನು ಮತ್ತೆ ಮಾಡಿದೆ. ದಪ್ಪ ಹಾಗೇ ಇಟ್ಟು, ಅಕ್ಷರಗಳನ್ನು ಅವುಗಳ ಗುಂಡಗಿನ ಮೈಗೆ ಬಿಟ್ಟೆ. ಥ ಒಳಗಿನ ಚುಕ್ಕೆಗೆ ಉಸಿರಾಡಲು ಜಾಗ ಸಿಕ್ಕಿತು. ಈ ಸಲ ಅಬ್ಬಾ ಎಲ್ಲೂ ನಿಲ್ಲದೆ ಓದಿದರು.