ಆರ್ಮೇನಿಯದ ಪುಟ್ಟ ಗಾಯಕರು

ಕಾಕಸಸ್ ಪರ್ವತಗಳ ದಕ್ಷಿಣಕ್ಕಿರುವ ಆರ್ಮೇನಿಯ, ವಿಸ್ತೀರ್ಣದಲ್ಲಿ ಕರ್ನಾಟಕದ ಆರನೆಯ ಒಂದು ಪಾಲಿಗಿಂತಲೂ ಚಿಕ್ಕದಾದ, ಸುಮಾರು 30 ಲಕ್ಷ ಜನರ ದೇಶ. ಕ್ರಿ.ಶ. 405ರ ಸುಮಾರಿಗೆ ಮೆಸ್ರೋಪ್ ಮಾಷ್ಟೋತ್ಸ್ ಎಂಬ ವಿದ್ವಾಂಸ ಸನ್ಯಾಸಿ ರೂಪಿಸಿಕೊಟ್ಟ ಸ್ವಂತ ಲಿಪಿಯನ್ನು ಇಂದಿಗೂ ಬಳಸುವ ಈ ಜನರಲ್ಲಿ ತಾಯ್ನಾಡಿನಲ್ಲಿರುವವರಿಗಿಂತ ರಷ್ಯ, ಅಮೆರಿಕ, ಫ್ರಾನ್ಸ್, ಲೆಬನಾನ್ ಮೊದಲಾದೆಡೆ ನೆಲೆಸಿದವರೇ ಹೆಚ್ಚು. ಹೀಗೆ ಚದುರಿಹೋದ ಸಮುದಾಯವೊಂದು ತನ್ನ ನುಡಿಯನ್ನು ಮಕ್ಕಳಿಗೆ ದಾಟಿಸಲು ಹಾಡನ್ನು ಹೇಗೆ ನೆಚ್ಚಿಕೊಂಡಿದೆ ಎಂಬುದಕ್ಕೆ ರಾಜಧಾನಿ ಯೆರೆವಾನ್‌ನ ‘ಹಯಾಸ್ತಾನಿ ಪೊಕ್ರಿಕ್ ಯೆರ್ಗಿಚ್ನೆರ್’, ಅಂದರೆ ‘ಆರ್ಮೇನಿಯದ ಪುಟ್ಟ ಗಾಯಕರು’ ಎಂಬ ಮಕ್ಕಳ ಗಾಯನವೃಂದ ಉತ್ತಮ ನಿದರ್ಶನವಾಗಿದೆ.

ಗಾಯನವೃಂದವೆಂದರೆ ಹಲವರು ಸೇರಿ ಹಾಡುವ ಗುಂಪು ಎಂದಷ್ಟೇ ಹೇಳಿದರೆ ಸಾಲದು. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಧಾಟಿಯನ್ನು ಹಾಡುತ್ತಾರೆ. ಈ ಬಗೆಯ ವೃಂದದಲ್ಲಿಯಾದರೋ ಮಕ್ಕಳು ಧ್ವನಿಯ ಎತ್ತರಕ್ಕೆ ತಕ್ಕಂತೆ ಭಾಗಗಳಾಗಿ ನಿಂತು, ಮೇಲಿನ ಸ್ಥಾಯಿಯವರಾದ ‘ಸೊಪ್ರಾನೊ’ಗಳು ಒಂದು ಧಾಟಿಯನ್ನೂ ತಗ್ಗಿನ ಸ್ಥಾಯಿಯವರಾದ ‘ಆಲ್ಟೊ’ಗಳು ಮತ್ತೊಂದನ್ನೂ ಏಕಕಾಲಕ್ಕೆ ಹಾಡುತ್ತಾರೆ. ಇದಕ್ಕೆ ಬಹುಧ್ವನಿ ಗಾಯನವೆಂದು ಹೆಸರು. ಅನೇಕ ವೇಳೆ ವಾದ್ಯಗಳ ಆಸರೆಯೂ ಇಲ್ಲದಿರುವುದರಿಂದ ಪ್ರತಿಯೊಂದು ಮಗುವೂ ತನ್ನ ಧಾಟಿಯನ್ನು ಬಿಟ್ಟುಕೊಡದೆ, ಪಕ್ಕದವರ ಧ್ವನಿಗೆ ಕಿವಿಗೊಡುತ್ತ, ಎದುರಿಗೆ ನಿಂತ ನಿರ್ದೇಶಕರ ಕೈಸನ್ನೆಯನ್ನು ಅನುಸರಿಸಬೇಕಾಗುತ್ತದೆ.

ಆರ್ಮೇನಿಯದ ಹಳ್ಳಿಯ ಹಾಡುಗಳು ಮೂಲತಃ ಏಕಧ್ವನಿಯವು. ಅವನ್ನು ಬಹುಧ್ವನಿಗೆ ಅಳವಡಿಸಿ ವೇದಿಕೆಗೆ ತಂದವರಲ್ಲಿ ಪ್ರಮುಖರು ಕೊಮಿತಾಸ್ (1869–1935). ಇವರ ಹುಟ್ಟುಹೆಸರು ಸೊಗೊಮೊನ್ ಸೊಗೊಮೊನಿಯಾನ್. ಹುಟ್ಟಿದೂರು ಆಟೊಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಕ್ಯುತಾಹ್ಯಾ. ಅಲ್ಲಿನ ಆರ್ಮೇನಿಯನ್ನರು ಮನೆಯಲ್ಲಿಯೂ ತುರ್ಕಿ ಭಾಷೆಯನ್ನೇ ಆಡುತ್ತಿದ್ದರು. ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಈ ಬಾಲಕನನ್ನು 1881ರಲ್ಲಿ ಆರ್ಮೇನಿಯದ ಧರ್ಮಪೀಠವಾದ ಎಚ್ಮಿಯಾಡ್ಜಿನ್‌ಗೆ ಕರೆತಂದಾಗ, ಅವನಿಗೆ ತನ್ನ ಜನರ ಭಾಷೆ ಮಾತಾಡಲು ಬರುತ್ತಿರಲಿಲ್ಲ. ಆದರೆ ಅರ್ಥ ತಿಳಿಯದಿದ್ದರೂ ಆ ಭಾಷೆಯ ಸ್ತೋತ್ರಗಳನ್ನು ಇಂಪಾಗಿ ಹಾಡಬಲ್ಲವನಾಗಿದ್ದ. ‘ಕೆಥೊಲಿಕೊಸ್’ ಎಂಬ ಪೀಠಾಧಿಪತಿ ನಾಲ್ಕನೆಯ ಗೆವೋರ್ಗ್ ಅವರು ಆ ಕಂಠವನ್ನು ಮೆಚ್ಚಿ ಗುರುಕುಲಕ್ಕೆ ಸೇರಿಸಿಕೊಂಡರು. ಹೀಗೆ ಮಾತಿಗಿಂತ ಮೊದಲು ಹಾಡಿನ ಮೂಲಕ ಭಾಷೆಯೊಳಕ್ಕೆ ಬಂದ ಬಾಲಕನೇ ಮುಂದೆ ‘ವರ್ದಪೇತ್’, ಅಂದರೆ ವಿದ್ವಾಂಸ ಯತಿಯಾಗಿ, ಬರ್ಲಿನ್ನಿನಲ್ಲಿ ಸಂಗೀತಶಾಸ್ತ್ರವನ್ನು ಅಭ್ಯಸಿಸಿ, ಹಳ್ಳಿಹಳ್ಳಿ ತಿರುಗಿ ಸಾವಿರಾರು ಜನಪದ ಗೀತೆಗಳನ್ನು ಬರೆದಿಟ್ಟುಕೊಂಡರು.

ಅವರ ಸಂಗ್ರಹದ ಕ್ರಮ ಎಷ್ಟು ಸೂಕ್ಷ್ಮವಾದುದೆಂಬುದನ್ನು ಲೋರಿ ಪ್ರಾಂತದ ವರ್ದಬ್ಲೂರ್ ಎಂಬ ಹಳ್ಳಿಯ ಉಳುಮೆಯ ಹಾಡಿನ ಕುರಿತು ಅವರು 1914ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿಯಬಹುದು. ಉತ್ತರ ಕರ್ನಾಟಕದ ಕಣಗಳಲ್ಲಿ ಎತ್ತುಗಳ ಹಂತಿ ಹೊಡೆಯುತ್ತ ಹಾಡುವ ಹಂತಿ ಪದಗಳಂತೆ, ಇದು ಕೆಲಸದ ನಡುವೆಯೇ ಹುಟ್ಟಿದ ಹಾಡು. ಅದರಲ್ಲಿ ಪದ್ಯದ ಸಾಲುಗಳಷ್ಟೇ ಅಲ್ಲದೆ ಎತ್ತುಗಳನ್ನು ಹುರಿದುಂಬಿಸುವ ಕೂಗುಗಳೂ ಸೇರಿವೆ. ಅವೆಲ್ಲವೂ ಹಾಡಿನ ಅಂಗಗಳೇ ಎಂದು ಬಗೆದು ಕೊಮಿತಾಸ್ ವಿಶ್ಲೇಷಿಸಿದರು. 1910ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ 300 ಗಾಯಕರ ‘ಗುಸಾನ್’ ವೃಂದವನ್ನು ಕಟ್ಟಿದ ಅವರನ್ನು, ಲಕ್ಷಾಂತರ ಆರ್ಮೇನಿಯನ್ನರನ್ನು ಬಲಿತೆಗೆದುಕೊಂಡ ನರಮೇಧ ಮೊದಲಾದ ವರ್ಷ, 1915ರ ಏಪ್ರಿಲ್ 24ರಂದು ಇತರ ಚಿಂತಕರೊಡನೆ ಬಂಧಿಸಿ ಗಡೀಪಾರು ಮಾಡಲಾಯಿತು. ಬದುಕಿ ಹಿಂತಿರುಗಿದರೂ ಅವರ ಮನಸ್ಸು ಚೇತರಿಸಿಕೊಳ್ಳಲಿಲ್ಲ. ಸಂಗ್ರಹದ ಬಹುಭಾಗ ಕಳೆದುಹೋಗಿದ್ದರೂ ಸಾವಿರಕ್ಕೂ ಹೆಚ್ಚು ಹಾಡುಗಳು ಉಳಿದುಬಂದಿವೆ.

ಆ ಪರಂಪರೆಯನ್ನು ಮಕ್ಕಳ ಕಂಠಕ್ಕೆ ತಂದ ‘ಪುಟ್ಟ ಗಾಯಕರು’ ವೃಂದವನ್ನು ತಿಗ್ರಾನ್ ಹೆಕೆಕ್ಯಾನ್ ಅವರು 1992ರಲ್ಲಿ ಸ್ಥಾಪಿಸಿದರು. 1988ರ ಭೀಕರ ಭೂಕಂಪದ ಬಳಿಕ ದೇಶದ ಅಣುವಿದ್ಯುತ್ ಸ್ಥಾವರವನ್ನು ಮುಚ್ಚಲಾಗಿತ್ತು. ನೆರೆದೇಶದೊಂದಿಗಿನ ಯುದ್ಧದಿಂದಾಗಿ ಸರಕು ಸಾಗಣೆಯ ದಾರಿಗಳೂ ಕಡಿದುಹೋಗಿ, ಚಳಿಗಾಲದಲ್ಲಿ ದಿನಕ್ಕೆ ಕೆಲವೇ ಗಂಟೆ ವಿದ್ಯುತ್ ದೊರೆಯುತ್ತಿದ್ದ ಕಾಲವದು. ಅಂಥ ದಿನಗಳಲ್ಲಿ ಆರಂಭವಾದ ವೃಂದ ಬಳಿಕ ಯುರೋಪು, ಅಮೆರಿಕಗಳ ವೇದಿಕೆಗಳಲ್ಲಿ ಹಾಡಿ ಮನ್ನಣೆ ಗಳಿಸಿತು. ಪಾಶ್ಚಾತ್ಯ ಸಂಗೀತಕಾರರ ರಚನೆಗಳ ಜೊತೆಗೆ ಕೊಮಿತಾಸರ ಹಾಡುಗಳನ್ನೂ ‘ಶರಕಾನ್’ ಎಂಬ ಪ್ರಾಚೀನ ಸ್ತೋತ್ರಗಳನ್ನೂ ಈ ಮಕ್ಕಳು ಕಲಿಯುತ್ತಾರೆ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ಆರ್ಮೇನಿಯನ್ ಮಕ್ಕಳು ಇಂಥ ಕಛೇರಿಗಳಲ್ಲಿ ತಮ್ಮದೇ ವಯಸ್ಸಿನವರು ತಮ್ಮ ಹಿರಿಯರ ನುಡಿಯಲ್ಲಿ ಹಾಡುವುದನ್ನು ಕೇಳುತ್ತಾರೆ.

ಹೊರನಾಡುಗಳಲ್ಲಿ ಬಳಕೆಯಲ್ಲಿರುವ ಪಶ್ಚಿಮ ಆರ್ಮೇನಿಯನ್ ಎಂಬ ಪ್ರಭೇದವನ್ನು ಯುನೆಸ್ಕೊ ಅಳಿವಿನಂಚಿನ ಭಾಷೆಗಳ ಪಟ್ಟಿಗೆ ಸೇರಿಸಿದೆಯಾದ್ದರಿಂದ ಈ ಕೆಲಸದ ಮಹತ್ವ ಇನ್ನೂ ಹೆಚ್ಚು. ತಾಯ್ನಾಡಿನಿಂದ ದೂರವಿದ್ದೂ ನುಡಿಗಾಗಿ ದುಡಿಯುವುದು ಆರ್ಮೇನಿಯನ್ನರಿಗೆ ಹೊಸತಲ್ಲ. ಅವರ ಭಾಷೆಯ ಮೊತ್ತಮೊದಲ ಪತ್ರಿಕೆ ‘ಅಜ್ದರಾರ್’ 1794ರಲ್ಲಿ ಹೊರಬಂದದ್ದು ನಮ್ಮ ನೆರೆಯ ಮದರಾಸಿನಲ್ಲಿ.

ಬಾಲಕ ಕೊಮಿತಾಸರಂತೆಯೇ, ಹೊರನಾಡಿನಲ್ಲಿ ಬೆಳೆದು ಕನ್ನಡ ಮಾತಾಡಲು ತಡವರಿಸುವ ಮಗುವಿಗೂ ಕನ್ನಡದ ಹಾಡು ಸುಲಭವಾಗಿ ದಕ್ಕುತ್ತದೆ. ಹೊರನಾಡಿನ ಕನ್ನಡ ಕೂಟಗಳು ರಾಜ್ಯೋತ್ಸವಕ್ಕೆ ಮೂರು ವಾರ ಮುಂಚೆ ಒಂದು ಹಾಡು ಕಲಿಸಿ ಮುಗಿಸುವ ಬದಲು, ವರ್ಷವಿಡೀ ನಡೆಯುವ ಮಕ್ಕಳ ಗಾಯನವೃಂದವನ್ನು ಕಟ್ಟಬೇಕು. ಮಕ್ಕಳು ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿಯರ ಬಾಯಿಂದ ಒಂದೊಂದು ಹಾಡನ್ನು ಕೇಳಿ, ಬರೆದುಕೊಂಡು ಬಂದು, ಆ ವೃಂದಕ್ಕೆ ಕಲಿಸಬೇಕು.