ಬೆಂಕಿ ಬೀಳುವ ಮೊದಲೇ ಬಾವಿ ತೋಡಿದ ವೈದ್ಯ

2021ರ ಜುಲೈ ತಿಂಗಳಲ್ಲಿ ನಾನು ಮುಖಗವಸು ಕಟ್ಟಿಕೊಂಡು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹೊರಟಾಗ, ಈ ಚೂರು ಬಟ್ಟೆ ರೋಗವನ್ನು ಹೇಗೆ ತಡೆದೀತೆಂದು ಅಜ್ಜಿ ಕೇಳಿದಳು. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದರೂ ಉತ್ತರ ಹೇಳಲಾರದೆ ಹೋದೆ. ಡಾಕ್ಟರ್ ವೂ ಲಿಯನ್‌ತೇ ಅವರ ಜೀವನವನ್ನು ಓದಿದ ಮೇಲೆ ಆ ಉತ್ತರ ದೊರಕಿತು.

ವೂ ಅವರು 1879ರಲ್ಲಿ ಇಂದಿನ ಮಲೇಷ್ಯದ ಪೆನಾಂಗಿನಲ್ಲಿ, ಚೀನಾದಿಂದ ವಲಸೆ ಬಂದ ಅಕ್ಕಸಾಲಿಗರೊಬ್ಬರ ಮಗನಾಗಿ ಹುಟ್ಟಿದರು. ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿ ವೈದ್ಯರಾದರು. 1908ರಲ್ಲಿ ಚೀನಾದ ಸೈನ್ಯದ ವೈದ್ಯಕೀಯ ಕಾಲೇಜಿಗೆ ಬಂದರು.

1910ರ ಚಳಿಗಾಲದಲ್ಲಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯದಲ್ಲಿ ಭೀಕರ ಅಂಟುಜಾಡ್ಯವೊಂದು ಹಬ್ಬಿತು. ಸರ್ಕಾರ ವೂ ಅವರನ್ನು ಹಾರ್ಬಿನ್ ನಗರಕ್ಕೆ ಕಳುಹಿಸಿತು. ಸತ್ತ ಹೆಂಗಸೊಬ್ಬಳ ಶವಪರೀಕ್ಷೆ ಮಾಡಿ ಅವರು ಪ್ಲೇಗಿನ ಕ್ರಿಮಿಯನ್ನು ಕಂಡರು. ಪ್ಲೇಗೆಂದರೆ ಇಲಿ ಚಿಗಟಗಳಿಂದ ಬರುವುದೆಂದು ಬಹುಪಾಲು ವೈದ್ಯರು ನಂಬಿದ್ದ ಕಾಲವದು. ಇದಾದರೋ ಶ್ವಾಸಕೋಶದ ಪ್ಲೇಗು. ಕೆಮ್ಮಿನ ತುಂತುರಿನಿಂದ ಮನುಷ್ಯನಿಂದ ಮನುಷ್ಯನಿಗೆ ಅಂಟುವಂಥದು ಎಂದು ವೂ ತಿಳಿಸಿದರು. ಜಾಳುಬಟ್ಟೆಯ ಪದರಗಳ ನಡುವೆ ಹತ್ತಿಯಿಟ್ಟು ಮುಖಗವಸುಗಳನ್ನು ಮಾಡಿಸಿದರು. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯರು ಆ ಮಾತನ್ನು ಲೆಕ್ಕಿಸದೆ, ಮುಖಗವಸಿಲ್ಲದೆ ರೋಗಿಗಳ ಬಳಿ ಹೋದರು. ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ಬಲಿಯಾದರು.

ರೋಗಿಗಳ ಜೊತೆಗಿದ್ದವರನ್ನು ವೂ ರೈಲಿನ ಡಬ್ಬಿಗಳಲ್ಲಿ ಬೇರೆಯಾಗಿ ಇರಿಸಿದರು. ನೆಲ ಹೆಪ್ಪುಗಟ್ಟಿದ್ದರಿಂದ ಹೂಳಲಾಗದೆ ಬಿದ್ದಿದ್ದ ಎರಡು ಸಾವಿರಕ್ಕೂ ಹೆಚ್ಚು ಶವಗಳನ್ನು, ಅರಮನೆಯ ಅಪ್ಪಣೆ ಪಡೆದು ಸುಡಿಸಿದರು. ಹಿರಿಯರ ಸಮಾಧಿಗಳನ್ನು ಪೂಜಿಸುವ ಜನರ ನಡುವೆ ಇದು ಸಾಮಾನ್ಯ ಧೈರ್ಯವಲ್ಲ. 1911ರ ಮಾರ್ಚ್ ವೇಳೆಗೆ ಹಾರ್ಬಿನ್ನಿನಲ್ಲಿ ರೋಗ ಅಡಗಿತು. ಒಟ್ಟು ಸುಮಾರು 60,000 ಜನ ಆ ಮಾರಿಗೆ ತುತ್ತಾದರು.

ಇದಕ್ಕಿಂತಲೂ ಹಿರಿದಾಗಿ ನನಗೆ ಕಾಣುವುದು ಅವರ ಮುಂದಿನ ಕೆಲಸ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಲೋಕದ ರೂಢಿ. ಬೆಂಕಿ ಆರಿದೊಡನೆ ಗುದ್ದಲಿಯನ್ನು ಮೂಲೆಗಿಡುವುದೂ ರೂಢಿಯೇ. ವೂ ಹಾಗೆ ಮಾಡಲಿಲ್ಲ. 1911ರ ಏಪ್ರಿಲಿನಲ್ಲಿ ಮುಕ್ಡೆನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಪ್ಲೇಗ್ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1912ರಲ್ಲಿ ಮಂಚೂರಿಯದ ಪ್ಲೇಗ್ ನಿವಾರಣಾ ಸಂಸ್ಥೆಯನ್ನು ಕಟ್ಟಿದರು. ರೋಗವಿಲ್ಲದ ವರ್ಷಗಳಲ್ಲಿ ಆಸ್ಪತ್ರೆಗಳನ್ನು ಸಜ್ಜುಗೊಳಿಸಿ ಕಾದರು. 1920ರಲ್ಲಿ ಅದೇ ಪ್ಲೇಗು ಮರಳಿದಾಗ ಸತ್ತವರ ಸಂಖ್ಯೆ 10,000ವನ್ನು ಮುಟ್ಟಲಿಲ್ಲ.

1960ರಲ್ಲಿ ವೂ ಅವರು ಹುಟ್ಟೂರಾದ ಪೆನಾಂಗಿನಲ್ಲೇ ಕಣ್ಣುಮುಚ್ಚಿದರು.

ಕಳೆದ ರಜೆಯಲ್ಲಿ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಹಾಗಾದರೆ ಮುಂದಿನ ಮಾರಿಗೆ ನಮ್ಮೂರಿನಲ್ಲಿ ಏನು ಸಿದ್ಧವಾಗಿದೆಯೆಂದು ಅವಳು ಕೇಳಿದಳು. ಮಿತ್ರರೇ, ನಾನು ಮತ್ತೆ ನಿರುತ್ತರನಾದೆ. ಈ ಸಲದ ಉತ್ತರ ಪುಸ್ತಕದಲ್ಲಿ ದೊರೆಯದು. ಓದಿದ ನಾವೇ ಊರಿಗೆ ಹೋಗಿ ಅದನ್ನು ಕಟ್ಟಬೇಕು.